ಹೇಳಿಕೆಯಲ್ಲಿ ಇದ್ದಷ್ಟೇ

ಛತ್ರಪತಿ ಸಂಭಾಜಿನಗರ
17 ನವೆಂಬರ್ 2024

ಮಾಮಾ,

ಚೆನ್ನಾಗಿದ್ದೇನೆ ಅಂತ ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನದಿಂದ ಓದುತ್ತೀ. ಅದಕ್ಕೇ ಬರೆದೆ. ನಿಜ ಹೇಳಬೇಕೆಂದರೆ ಇಲ್ಲಿ ಬೇಸರವೋ ಬೇಸರ.

ನೀನು ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟು ಹೋದ ಮರುದಿನವೇ ವಾರ್ಡನ್ ಸುಶೀಲಾಬಾಯಿ ಎಲ್ಲರ ಫೋನನ್ನೂ ಇಸಿದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಪರೀಕ್ಷೆ ಮುಗಿಯುವ ತನಕ ಹೀಗೇ ಅಂತೆ. ರವಿವಾರ ಸ್ವಲ್ಪ ಹೊತ್ತು ಕೊಡುತ್ತಾರೆ, ಆದರೆ ಅದು ಅವ್ವನ ಪಾಲು. ವೈಜಾಪುರದಲ್ಲಿ ಕಟ್ಟಡ ಕೆಲಸದ ಸೈಟಿನಲ್ಲಿ ಕೂತು ಅವಳು ಫೋನ್ ಕಿವಿಗೆ ಹಿಡಿದರೆ ಪಕ್ಕದಲ್ಲಿರುವ ಅಪ್ಪನಿಗೇ ಕೊಡುವುದಿಲ್ಲ. ನಿನ್ನ ಪಾಲಿಗೆ ಎಲ್ಲಿಂದ ಉಳಿಯಬೇಕು? ಅದಕ್ಕೆ ಪತ್ರ. ಊರಲ್ಲಿ ಅಜ್ಜಿಯ ಕಟ್ಟೆಯ ಮೇಲೆ ನೀನೇ ಕೈ ಹಿಡಿದು ತಿದ್ದಿಸಿದ ಕನ್ನಡ ಇದು. ಮಧ್ಯೆ ಮರಾಠಿ ನುಸುಳಿದರೆ ಬೈಯಬೇಡ.

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ಮೇ ತಿಂಗಳಲ್ಲಿ. ಎಲ್ಲ ವಿಷಯ ಹೇಗೋ ನಡೆಯುತ್ತದೆ, ತರ್ಕದ ಪ್ರಶ್ನೆಗಳು ಮಾತ್ರ ನನ್ನ ಜೀವ ತಿನ್ನುತ್ತಿವೆ. ಅದರಲ್ಲೂ ರಕ್ತಸಂಬಂಧ. ಮೊನ್ನೆ ಕ್ಲಾಸಿನಲ್ಲಿ ಸರ್ ಒಂದು ಕೊಟ್ಟರು. ರೇಖಾಳ ತಾಯಿಯ ತಮ್ಮ ಮೋಹನ, ಮೋಹನನ ಹೆಂಡತಿ ಲತಾ, ಲತಾ ರೇಖಾಳಿಗೆ ಏನಾಗಬೇಕು? ಎಲ್ಲರೂ ಮಾಮಿ ಅಂತ ಬರೆದರು. ನಾನು ‘ಹೇಳಲಾಗದು’ ಅಂತ ಬರೆದೆ. ಯಾಕೆ ಅಂತ ಸರ್ ಎಬ್ಬಿಸಿ ನಿಲ್ಲಿಸಿ ಕೇಳಿದರು. ಲತಾ ರೇಖಾಳ ಅಕ್ಕನೇ ಆಗಿರಬಹುದಲ್ಲ ಅಂದೆ. ನಮ್ಮ ಮಲ್ಲಮ್ಮಕ್ಕನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದಾರಲ್ಲ, ಅದು ತಲೆಯಲ್ಲಿತ್ತು. ಕ್ಲಾಸೆಲ್ಲ ನಕ್ಕಿತು. ನಿಮ್ಮಲ್ಲಿ ಹಾಗೂ ಮಾಡುತ್ತಾರಾ ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಸರ್ ನಗಲಿಲ್ಲ. ಹೇಳಿಕೆಯಲ್ಲಿ ಇದ್ದಷ್ಟನ್ನೇ ಹಿಡಿ, ನಿನ್ನ ಮನೆಯನ್ನು ಪ್ರಶ್ನೆಯೊಳಗೆ ತರಬೇಡ ಅಂದು ಕೂರಿಸಿದರು.

ನೀನು ರೈಲ್ವೆ ಪರೀಕ್ಷೆಗಳಿಗೆ ಓದುವಾಗ ಇಂಥವನ್ನು ನೀರು ಕುಡಿದಷ್ಟು ಸಲೀಸಾಗಿ ಬಿಡಿಸುತ್ತಿದ್ದೆಯಲ್ಲ. ಪತ್ರಕ್ಕೊಂದು ಪ್ರಶ್ನೆ ಕಳಿಸುತ್ತೀಯಾ?

ನಿನ್ನ
ಶಿವಗಂಗಾ


ಸಾತಪುರ, ನಾಶಿಕ್
1 ಡಿಸೆಂಬರ್ 2024

ಗಂಗವ್ವಾ,

ನಿನ್ನ ಪತ್ರ ಕಾರ್ಖಾನೆಯ ಗೇಟಿನಲ್ಲಿ ನನ್ನ ಕೈಗೆ ಬಂತು. ವಾಚ್‌ಮನ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಈ ಕಾಲದಲ್ಲಿ ಪತ್ರ ಬರೆಯುವವರು ಯಾರಪ್ಪ ಅಂದ. ನಮ್ಮ ಮನೆಯವರು ಅಂದೆ. ದಿನವಿಡೀ ಮಶೀನಿನ ಮುಂದೆ ನಿಂತಿದ್ದರೂ ಕಾಲು ನೋಯಲಿಲ್ಲ.

ನೀನು ಬರೆದ ಉತ್ತರ ಪರೀಕ್ಷೆಗೆ ತಪ್ಪು, ನನಗೆ ಸರಿ. ಮಲ್ಲಮ್ಮನ ನೆನಪು ನಿನಗೆ ಅಷ್ಟು ಚಟ್ಟನೆ ಬಂತು ಅಂತ ಓದಿ ನಗು ಬಂತು, ಖುಷಿಯೂ ಆಯಿತು. ನಿನ್ನ ತಲೆಯಲ್ಲಿ ಇಂಥ ವಿಚಾರ ಇದೆಯೋ ಇಲ್ಲವೋ ಅಂತ ನನಗೆ ಇಷ್ಟು ದಿನ ಗೊತ್ತಾಗಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನಮ್ಮವ್ವ ಈರಮ್ಮ ಬಂದವರೆಲ್ಲರ ಮುಂದೆ, ‘ಇಕಿ ನಮ್ಮ ಪರಮೇಶಿಗೇನs, ಬ್ಯಾರೆ ಯಾರೂ ಕೇಳಬ್ಯಾಡ್ರಿ’ ಅಂದಿದ್ದಳಂತೆ. ಆಗ ನಾನು ಗೋಲಿ ಆಡುವ ಹುಡುಗ. ಅವ್ವ ತೀರಿಕೊಂಡ ಮೇಲೆ ಆ ಮಾತನ್ನು ನಿಮ್ಮವ್ವ ದಾನಮ್ಮಕ್ಕ ಹಿಡಿದುಕೊಂಡಿದ್ದಾಳೆ. ಪರೀಕ್ಷೆ ಮುಗಿಯಲಿ, ಶ್ರಾವಣದಲ್ಲಿ ನಿಶ್ಚಯ ಮಾಡೋಣ ಅಂತ ನನಗೆ ದೀಪಾವಳಿಯಲ್ಲಿ ಹೇಳಿದಳು. ನಿನಗೂ ಹೇಳಿರಬೇಕು. ಇಷ್ಟು ಬರೆಯುವುದರಲ್ಲೇ ನನಗೆ ಬೆವರು ಬಂತು, ಇನ್ನು ಈ ಮಾತು ಬಿಡುತ್ತೇನೆ.

ನಿಮ್ಮ ಸರ್ ಹೇಳಿದ್ದು ಖರೆ. ಪ್ರಶ್ನೆಯೊಳಗೆ ಮನೆ ತರಬಾರದು. ನಾನು ರೈಲ್ವೆಯಲ್ಲಿ ತರ್ಕಕ್ಕೆ ಎಂದೂ ಸೋಲಲಿಲ್ಲ, ಇಂಗ್ಲಿಷಿಗೆ ಸೋತೆ. ಈಗ ಒಂದು ಪ್ರಶ್ನೆ ತಗೋ. ಇದು ರಕ್ತಸಂಬಂಧದ್ದಲ್ಲ, ‘ಹೇಳಿಕೆ ಮತ್ತು ಊಹೆ’. ಒಂದು ಮಾತು ಕೊಡುತ್ತಾರೆ, ಆ ಮಾತಿನ ಹಿಂದೆ ಯಾವ ಊಹೆ ಇದೆ ಅಂತ ನೀನು ಹಿಡಿಯಬೇಕು.

ಹೇಳಿಕೆ: ಒಂದು ಕೋಣೆಯಲ್ಲಿ ಇರುವವನು ಎರಡು ಕೋಣೆಯ ಮನೆ ಹುಡುಕುತ್ತಿದ್ದಾನೆ. ಊಹೆ ಒಂದು, ಅವನ ಮನೆಗೆ ಯಾರೋ ಬರುವವರಿದ್ದಾರೆ. ಊಹೆ ಎರಡು, ಅವನು ಈಗಿರುವ ಕೋಣೆ ಸೋರುತ್ತದೆ.

ನನ್ನ ಜೊತೆಗಿರುವ ಮಹಿಬೂಬ ಇದನ್ನು ಓದಿ, ಉತ್ತರ ಕುರುಡನಿಗೂ ಕಾಣುತ್ತದೆ ಅಂದ. ನಿನಗೆ ಕಾಣುತ್ತದೆಯೋ ನೋಡೋಣ.

ಪರಮೇಶ್ವರ


ಛತ್ರಪತಿ ಸಂಭಾಜಿನಗರ
12 ಜನವರಿ 2025

ಮಾಮಾ ಅವರಿಗೆ,

ಉತ್ತರ ಎರಡು. ನಿಮ್ಮದು ತಗಡಿನ ಕೋಣೆ, ಹೋದ ಮಳೆಗಾಲದಲ್ಲಿ ಹಾಸಿಗೆಯ ಮೇಲೆಯೇ ಸೋರಿತ್ತು ಅಂತ ನೀವೇ ಹೇಳಿದ್ದಿರಿ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅವ್ವ ವೈಜಾಪುರದಿಂದ ಬಂದಿದ್ದಳು. ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ ತಂದಿದ್ದಳು, ರೊಟ್ಟಿಗೆ ಮರಾಠಿ ಹುಡುಗಿಯರೇ ಮುಗಿಬಿದ್ದರು. ನಾನು ನಿಮಗೆ ನೀನು ಅನ್ನುತ್ತೇನೆ ಅಂತ ಅವಳಿಗೆ ಸಿಟ್ಟು. ‘ಇನ್ನ ಮ್ಯಾಲೆ ಅವಂಗ ನೀ ಅನಬ್ಯಾಡ. ನಾಲ್ಕ ಮಂದಿ ಕೇಳಿದ್ರ ಏನಂದಾರು?’ ಅಂದಳು. ಅದಕ್ಕೆ ಹೀಗೆ ಬರೆದಿದ್ದೇನೆ. ಕೈಗೆ ಇನ್ನೂ ರೂಢಿ ಆಗಿಲ್ಲ.

ಹೋದ ತಿಂಗಳು ನನ್ನ ಕೋಣೆಯ ರೂಪಾಲಿಯ ಅಕ್ಕನ ಲಗ್ನಕ್ಕೆ ಹೋಗಿದ್ದೆ. ಅವರ ಊರು ಪಿಂಪಳಗಾಂವ್ ಬಸವಂತ್. ಮಂಟಪದ ಆಚೆ ಈರುಳ್ಳಿ ತುಂಬಿದ ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು, ಊಟದ ವಾಸನೆಯೂ ಈರುಳ್ಳಿಯ ವಾಸನೆಯೂ ಬೇರೆ ಆಗುತ್ತಿರಲಿಲ್ಲ. ಮುಹೂರ್ತಕ್ಕೆ ಭಟ್ಟರು ಮೈಕಿನಲ್ಲಿ, ಹುಡುಗಿಯ ಮಾಮಾ ಹುಡುಗಿಯನ್ನು ಕರೆದುಕೊಂಡು ಬನ್ನಿ ಅಂತ ಕೂಗಿದರು. ಅವಳ ಮಾಮಾ ಟೊಪ್ಪಿಗೆ ಸರಿಮಾಡಿಕೊಂಡು ಅವಳ ಕೈಹಿಡಿದು ತಂದು ಅಂತರಪಟದ ಮುಂದೆ ನಿಲ್ಲಿಸಿದ. ಆಮೇಲೆ ಹೋಗಿ ಕೂರಲಿಲ್ಲ. ಮಂಗಲಾಷ್ಟಕ ಮುಗಿಯುವ ತನಕ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಅವಳು ಅಳುತ್ತಿದ್ದಳು, ಅವನು ಅವಳಿಗಿಂತ ಹೆಚ್ಚು ಅಳುತ್ತಿದ್ದ. ನನಗೆ ಅದೊಂದೇ ನೆನಪು ಉಳಿದಿದೆ, ಊಟ ಏನು ಮಾಡಿದೆ ಅನ್ನುವುದೂ ನೆನಪಿಲ್ಲ.

ಮುಂದಿನ ಪ್ರಶ್ನೆ ಕಳಿಸಿ.

ಶಿವಗಂಗಾ


ಸಾತಪುರ, ನಾಶಿಕ್
2 ಫೆಬ್ರವರಿ 2025

ಗಂಗವ್ವಾ,

ನಿನ್ನ ಉತ್ತರ ತಪ್ಪು. ಮಳೆ ಹೋಗಿ ಎಷ್ಟು ದಿನವಾಯಿತು, ಥಂಡಿಯಲ್ಲಿ ಯಾರಾದರೂ ಸೋರುವ ಮಾತು ಆಡುತ್ತಾರೆಯೇ? ಅದೂ ಅಲ್ಲದೆ ನನ್ನ ತಗಡಿನ ಕೋಣೆಯನ್ನು ಪ್ರಶ್ನೆಯೊಳಗೆ ಎಳೆದು ತಂದೆ. ಸರ್ ಹೇಳಿದ್ದು ಮರೆತೆಯಾ? ಉತ್ತರ ಒಂದು.

ಮೊದಲು ಜಗಳ ಮುಗಿಸುತ್ತೇನೆ. ಪಿಂಪಳಗಾಂವ್ ತನಕ ಬಂದು ನನಗೆ ಒಂದು ಮಾತು ಹೇಳದೆ ಹೋದೆಯಲ್ಲ. ಗಾಡಿ ಒದ್ದರೆ ಒಂದು ತಾಸಿನ ದಾರಿ. ದೂರದಿಂದ ನೋಡಿ, ಒಂದು ಚಹಾ ಕುಡಿಸಿ, ಬಸ್ ಹತ್ತಿಸಿ ಬರುತ್ತಿದ್ದೆ. ಇಲ್ಲಿ ನಮ್ಮವರು ಅಂತ ನನಗೆ ಯಾರಿದ್ದಾರೆ? ಹುಡುಗಿಯರ ಗುಂಪಿನಲ್ಲಿ ನಾಚಿಕೆ ಆಗಿರಬೇಕು ಅಂತ ಮಹಿಬೂಬ ನಿನ್ನ ಪರ ವಕೀಲಿ ಮಾಡಿದ. ಇರಲಿ, ಮುಗಿಯಿತು.

ನಿನ್ನ ‘ನೀವು’ ಓದಿ ಮೊದಲು ಯಾರದೋ ಪತ್ರ ಬಂದಿದೆ ಅಂದುಕೊಂಡೆ. ಎರಡನೆಯ ಸಲ ಓದಿದಾಗ ಕಿವಿ ಬಿಸಿಯಾಯಿತು. ಮಹಿಬೂಬನಿಗೆ ತೋರಿಸಿದೆ. ‘ಲಗ್ನಕ್ಕಿಂತ ಮೊದಲs ನೀವು ಅನ್ನಾಕ ಹತ್ಯಾಳ ಅಂದ್ರ ಹುಡುಗಿ ಮನಸಿನ್ಯಾಗ ಪಕ್ಕಾ ಮಾಡ್ಯಾಳ ಬಿಡೋ’ ಅಂದ. ಅಕ್ಕ ಹೇಳಿಕೊಟ್ಟಿದ್ದು ಅಂತ ನಿನ್ನ ಪತ್ರದಲ್ಲೇ ಇತ್ತು, ಆದರೂ ನನಗೆ ಅವನ ಮಾತೇ ರುಚಿಸಿತು.

ಆ ಮರಾಠಿ ಲಗ್ನಗಳನ್ನು ನಾನೂ ನೋಡಿದ್ದೇನೆ. ಪಾಪ, ಆ ಮಾಮಾ ಹುಡುಗಿಯನ್ನು ಕರೆತಂದು ಇನ್ನೊಬ್ಬನ ಮುಂದೆ ನಿಲ್ಲಿಸಿ ಹಿಂದೆ ಸರಿಯಬೇಕು. ನಮ್ಮಲ್ಲಿ ಆ ತ್ರಾಸಿಲ್ಲ, ಮಾಮಾ ತಾನೇ ಮುಂದೆ ನಿಲ್ಲುತ್ತಾನೆ. ನೀನು ಲಗ್ನದ ಸುದ್ದಿಯನ್ನು ಅಷ್ಟು ಉದ್ದ ಬರೆದಿದ್ದು ನೋಡಿ ನನಗೂ ಮಾತಾಡುವ ಧೈರ್ಯ ಬಂದಿದೆ.

ಹಾಗಾಗಿ ಕೇಳು. ಎರಡು ಕೋಣೆಯ ಮನೆ ಸಿಕ್ಕಿತು, ಸ್ಲ್ಯಾಬಿನ ಚಾವಣಿಯದು. ಹೋದ ವಾರವೇ ಬಂದಿದ್ದೇನೆ. ಒಳಕೋಣೆಯ ಕಿಟಕಿಯ ಹತ್ತಿರ ನಿನ್ನ ಓದಿಗೆ ಒಂದು ಮೇಜು ತಂದು ಹಾಕಿದ್ದೇನೆ, ಖಾನೆಗಳಿರುವುದು. ಲಗ್ನವಾದರೆ ಓದು ನಿಲ್ಲುತ್ತದೆ ಅನ್ನುವ ಭಯ ನಿನಗೆ ಬೇಡ. ನಾಶಿಕ್‌ನಲ್ಲೂ ಕಾನೂನು ಕಾಲೇಜಿದೆ. ನಾನು ಅಡಿಗೆ ಮಾಡುತ್ತೇನೆ, ನೀನು ಓದು. ವಕೀಲಳ ಗಂಡ ಅಂತ ಕಾರ್ಖಾನೆಯಲ್ಲಿ ಎಲ್ಲರೂ ನನಗೆ ಸಲಾಮು ಹೊಡೆಯಲಿ.

ಈ ಸಲದ ಪ್ರಶ್ನೆ ಬೇರೆ ಹಾಳೆಯಲ್ಲಿದೆ, ಆರು ಜನ ದುಂಡು ಮೇಜಿನ ಸುತ್ತ ಕೂರುವುದು. ಬೇಗ ಬರೆ.

ಪರಮೇಶ್ವರ


ಸಾತಪುರ, ನಾಶಿಕ್
9 ಮಾರ್ಚ್ 2025

ಗಂಗವ್ವಾ,

ಆರು ಜನ ಇನ್ನೂ ಮೇಜಿನ ಸುತ್ತ ಕೂತೇ ಇದ್ದಾರೆ, ನೀನು ಎಬ್ಬಿಸಲಿಲ್ಲ. ಅಕ್ಕನಿಗೆ ಫೋನ್ ಮಾಡಿದರೆ, ಚಂದಾಗಿ ಓದಾಕ ಹತ್ಯಾಳ ಅಂತ ಅಷ್ಟೇ ಹೇಳುತ್ತಾಳೆ. ಜ್ವರ ಗಿರ ಏನೂ ಇಲ್ಲವಲ್ಲ?

ಮಹಿಬೂಬ ಹಳೆಯ ಕೋಣೆಯಲ್ಲೇ ಉಳಿದ. ಇಲ್ಲಿ ನಾನೊಬ್ಬನೇ. ಒಂದು ಕೋಣೆಯಲ್ಲಿ ಇಬ್ಬರು ಇರುವುದಕ್ಕೂ ಎರಡು ಕೋಣೆಯಲ್ಲಿ ಒಬ್ಬನೇ ಇರುವುದಕ್ಕೂ ಇಷ್ಟು ಫರಕಿದೆ ಅಂತ ನನಗೆ ಗೊತ್ತಿರಲಿಲ್ಲ. ಶಿಫ್ಟ್ ಮುಗಿಸಿ ಬಂದು ಕೀಲಿ ತೆಗೆದರೆ ಒಳಕೋಣೆಗೆ ಹೋಗುವುದಕ್ಕೆ ಕಾರಣವೇ ಇರುವುದಿಲ್ಲ. ಆದರೂ ಹೋಗಿ ಮೇಜು ಒರೆಸಿ ಬರುತ್ತೇನೆ. ಅದರ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ನೀನೇ ತೆಗೆಯಲಿ ಅಂತ ಬಿಟ್ಟಿದ್ದೇನೆ.

ನಾನು ಹೋದ ಪತ್ರದಲ್ಲಿ ಹೆಚ್ಚು ಮಾತಾಡಿದೆನೇನೋ. ಓದುವವಳ ತಲೆ ಕೆಡಿಸಿದೆ. ಉತ್ತರ ಬರೆಯಲು ಪುರುಸೊತ್ತಿಲ್ಲದಿದ್ದರೆ ಬರೀ ಹೆಸರು ಬರೆದು ಹಾಕು, ಸಾಕು.

ಪರಮೇಶ್ವರ


ಛತ್ರಪತಿ ಸಂಭಾಜಿನಗರ
30 ಮಾರ್ಚ್ 2025, ಯುಗಾದಿ

ಮಾಮಾ,

ಜ್ವರ ಇಲ್ಲ. ಪುರುಸೊತ್ತೂ ಇತ್ತು. ಬರೆಯಲು ಕೂತು ಕೂತು ಏಳುತ್ತಿದ್ದೆ.

ಅವ್ವನ ಮಾತು ಇವತ್ತು ಮೀರುತ್ತೇನೆ. ನಿನಗೆ ನೀವು ಅಂದರೆ ನನಗೆ ಬೇಕಾದ ಮಾತು ಬಾಯಿಗೇ ಬರುವುದಿಲ್ಲ.

ರಕ್ತಸಂಬಂಧದ ಪ್ರಶ್ನೆಗಳು ಈಗ ಒಂದೂ ತಪ್ಪುವುದಿಲ್ಲ. ಸರ್ ಎಲ್ಲರ ಮುಂದೆ ಹೊಗಳಿದರು. ಏನು ಮಾಡಿದೆ ಗೊತ್ತೇ? ಮನೆಯನ್ನು ಹೊರಗೆ ಬಿಟ್ಟೆ. ಹೇಳಿಕೆಯಲ್ಲಿ ಇದ್ದಷ್ಟೇ ಹಿಡಿದೆ. ಈಗ ನಾನೇ ಒಂದು ಪ್ರಶ್ನೆ ಮಾಡಿದ್ದೇನೆ, ನೀನು ಬಿಡಿಸು.

ಹೇಳಿಕೆ: ಶಿ ಎಂಬ ಹುಡುಗಿಯ ತಾಯಿ ದಾ. ದಾಳ ತಮ್ಮ ಪ. ಶಿ ಸಣ್ಣವಳಿದ್ದಾಗ ಅವಳ ಅಪ್ಪ ಅವ್ವ ದುಡಿಯಲು ದೂರ ಹೋದರು. ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟ. ಹೇನು ತೆಗೆದು ಜಡೆ ಹಾಕಿದ. ಕೈಹಿಡಿದು ಬರೆಸಿದ. ಜ್ವರ ಬಂದಾಗ ಅವಳು ಅವ್ವಾ ಅಂತ ಅಳಲಿಲ್ಲ, ಮಾಮಾ ಅಂತ ಅತ್ತಳು. ಹಾಗಾದರೆ ಪ, ಶಿಗೆ ಏನಾಗಬೇಕು? ಒಂದು, ಮಾಮಾ. ಎರಡು, ಗಂಡ. ಮೂರು, ಅಪ್ಪ. ನಾಲ್ಕು, ಹೇಳಲಾಗದು.

ಸೂಚನೆ: ತೊಟ್ಟಿಲ ಮುಂದೆ ಹಿರಿಯರು ಆಡಿದ ಮಾತನ್ನು ಪ್ರಶ್ನೆಯೊಳಗೆ ತರಬಾರದು.

ಮಲ್ಲಮ್ಮಕ್ಕ ಸುಖವಾಗಿದ್ದಾಳೆ. ನಮ್ಮ ಪದ್ಧತಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಇಲ್ಲಿ ನಕ್ಕವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವಳು ತನ್ನ ಮಾಮಾನ ಹೆಗಲ ಮೇಲೆ ಬೆಳೆಯಲಿಲ್ಲ. ಪಿಂಪಳಗಾಂವ್‌ನಲ್ಲಿ ಆ ಲಗ್ನ ನೋಡುವಾಗ ರೂಪಾಲಿ ನನ್ನ ಕಿವಿಯಲ್ಲಿ, ನಿನ್ನನ್ನೂ ನಿನ್ನ ಮಾಮಾ ಹೀಗೇ ಕರೆತರುತ್ತಾನಲ್ಲವೇ ಅಂತ ಕೇಳಿದಳು. ಹೌದು ಅಂದುಬಿಟ್ಟೆ. ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಲೇ ಇಲ್ಲ. ನಾಶಿಕ್ ಬಸ್ ಎದುರಿಗೇ ನಿಂತಿತ್ತು. ಹತ್ತಿದ್ದರೆ ನಿನ್ನ ಮುಂದೆ ಅತ್ತುಬಿಡುತ್ತಿದ್ದೆ, ಅದಕ್ಕೇ ಹತ್ತಲಿಲ್ಲ.

ನೀನು ಎರಡು ಅಂತ ಬರೆದರೆ ನಾನು ಇಲ್ಲ ಅನ್ನುವುದಿಲ್ಲ. ನನ್ನನ್ನು ಇಲ್ಲಿ ತನಕ ತಂದವನು ನೀನು. ಶ್ರಾವಣದಲ್ಲಿ ಬಂದು ಮೇಜಿನ ಪ್ಲಾಸ್ಟಿಕ್ ತೆಗೆಯುತ್ತೇನೆ. ಆದರೆ ಮಾಮಾ, ಆಮೇಲೆ ನನಗೆ ಮಾಮಾ ಇರುವುದಿಲ್ಲ. ಮನೆಯಲ್ಲಿ ನನಗೆ ಅಂತ ಇದ್ದವನು ಅವನೊಬ್ಬನೇ.

ನಿನ್ನ
ಗಂಗವ್ವ


ಛತ್ರಪತಿ ಸಂಭಾಜಿನಗರ
11 ಮೇ 2025

ಮಾಮಾ,

ನಿನ್ನ ಉತ್ತರ ಬರಲಿಲ್ಲ. ದಿನಾ ಸುಶೀಲಾಬಾಯಿಯ ಮೇಜಿನ ಹತ್ತಿರ ಹೋಗಿ ನಿಂತು ಬರುತ್ತಿದ್ದೆ. ಪತ್ರ ಬಂದರೆ ನಾನೇ ಕರೆಯುತ್ತೇನೆ ಮಗಾ ಅಂತ ಕೊನೆಕೊನೆಗೆ ಅವರೇ ಹೇಳಿದರು.

ಪರೀಕ್ಷೆ ಮುಗಿಯಿತು. ಕಂಪ್ಯೂಟರಿನಲ್ಲಿ ಅದೇ ಪ್ರಶ್ನೆ ಬಂದಿತ್ತು, ಹೆಸರು ಮಾತ್ರ ಬೇರೆ. ತಾಯಿಯ ತಮ್ಮನ ಹೆಂಡತಿ. ಮಾಮಿ ಅಂತ ಒತ್ತಿ ಮುಂದೆ ಹೋದೆ. ನೀನು ಕಲಿಸಿದಂತೆ ಹಿಂದಿರುಗಿ ನೋಡಲಿಲ್ಲ.

ಹೊರಗೆ ಬಂದಾಗ ಬಿಸಿಲಿನಲ್ಲಿ ಎಲ್ಲರ ಮನೆಯವರೂ ನಿಂತಿದ್ದರು. ರೂಪಾಲಿಯ ಮಾಮಾ ಒದ್ದೆ ಬಟ್ಟೆ ಸುತ್ತಿದ ನೀರಿನ ಬಾಟಲಿ ಹಿಡಿದುಕೊಂಡು ಬಂದಿದ್ದ. ಅಪ್ಪ ಅವ್ವನಿಗೆ ಸ್ಲ್ಯಾಬ್ ಹಾಕುವ ದಿನ, ಬರಲಿಲ್ಲ. ನಾನು ಗೇಟಿನ ಆಚೆ ಈಚೆ ನೋಡಿದೆ. ಯಾರನ್ನು ಹುಡುಕುತ್ತಿದ್ದೆ ಅಂತ ನಿನಗೆ ಬರೆಯಬೇಕಾಗಿಲ್ಲ.

ಫಲಿತಾಂಶ ಬರುವ ತನಕ ಹಾಸ್ಟೆಲ್ಲಿನಲ್ಲೇ ಇರುತ್ತೇನೆ, ಫೋನೂ ಕೈಗೆ ಬಂದಿದೆ, ಆದರೆ ಈ ಮಾತು ಫೋನಿನಲ್ಲಿ ಆಡಲಾರೆ. ಸಿಟ್ಟಾಗಿದ್ದರೆ ಬೈದು ಬರೆ. ಸುಮ್ಮನಿರಬೇಡ.

ಗಂಗವ್ವ


ಸಾತಪುರ, ನಾಶಿಕ್
25 ಮೇ 2025

ಗಂಗವ್ವಾ,

ನಾನು ಬಂದಿದ್ದೆ. ರಸ್ತೆಯ ಆಚೆ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತಿದ್ದೆ. ನೀನು ಹಳದಿ ಚೂಡಿದಾರ ಹಾಕಿದ್ದೆ, ಸೊರಗಿದ್ದೆ. ನೀನು ಹುಡುಕಿದ್ದನ್ನೂ ನೋಡಿದೆ. ಉತ್ತರ ಇನ್ನೂ ನನ್ನ ಕೈಯಲ್ಲಿರಲಿಲ್ಲ, ಬರಿಗೈಯಲ್ಲಿ ರಸ್ತೆ ದಾಟಲು ಕಾಲು ಏಳಲಿಲ್ಲ. ನೀನು ಪಿಂಪಳಗಾಂವ್‌ಗೆ ಬಂದು ಹೇಳದೆ ಹೋದೆ, ನಾನು ಅಲ್ಲಿಗೆ ಬಂದು ಹೇಳದೆ ಬಂದೆ. ಇಬ್ಬರೂ ಸಮ ಆಯಿತು.

ನಿನ್ನ ಪ್ರಶ್ನೆ ಓದಿದ ದಿನ ನನಗೆ ಸಿಟ್ಟೇ ಬಂತು. ಪ್ರಶ್ನೆ ಬಿಡಿಸುವುದು ಕಲಿಸಿದವನಿಗೇ ಇಂಥ ಪ್ರಶ್ನೆಯೇ ಅಂತ. ನಾಲ್ಕು ಅಂತ ಬರೆದು ಹರಿದೆ. ಎರಡು ಅಂತಲೂ ಬರೆದೆ, ಸುಳ್ಳು ಹೇಳುವುದಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಪೋಸ್ಟ್ ಡಬ್ಬಿಯ ತನಕ ಹೋಗಿದ್ದೆ. ನೀನು ಇಲ್ಲ ಅನ್ನುವುದಿಲ್ಲ ಅಂತ ಬರೆದಿದ್ದೆಯಲ್ಲ, ಅದೇ ನನ್ನನ್ನು ತಡೆಯಿತು. ಸಣ್ಣವಳಿದ್ದಾಗ ಕಹಿ ಔಷಧಿಗೂ ನೀನು ನನಗೆ ಇಲ್ಲ ಅನ್ನುತ್ತಿರಲಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದೆ. ಆ ಮುಖ ನೆನಪಾಯಿತು.

ಹೋದ ರವಿವಾರ ವೈಜಾಪುರಕ್ಕೆ ಹೋಗಿದ್ದೆ. ನನಗೇ ಮನಸ್ಸಿಲ್ಲ ಅಂತ ಅಕ್ಕನಿಗೆ ಹೇಳಿದೆ. ನಿನ್ನ ಹೆಸರು ಎತ್ತಲಿಲ್ಲ, ನೀನೂ ಎತ್ತಬೇಡ, ಕೇಳಿದರೆ ಗೊತ್ತಿಲ್ಲ ಅನ್ನು. ಭಾವ ಮುಖ ತಿರುಗಿಸಿ ಸೈಟಿನ ಕಡೆ ಹೋದರು. ಅಕ್ಕ ಸಿಮೆಂಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ‘ಅವ್ವನ ಮಾತ ಮಣ್ಣಾಗ ಹಾಕಿದಿ. ನನ್ನ ಮಗಳಿಗೆ ಏನ ಕಮ್ಮಿ ಆಗೇತಿ?’ ಅಂತ ಕೇಳಿದಳು. ಏನೂ ಕಮ್ಮಿ ಇಲ್ಲ ಅನ್ನುವುದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ನನ್ನ ಜೊತೆ ಅವಳು ಕೆಲವು ದಿನ ಮಾತಾಡುವುದಿಲ್ಲ. ನೀನು ರವಿವಾರದ ಫೋನು ಬಿಡಬೇಡ, ಅವಳಿಗೆ ಈಗ ನೀನು ಬೇಕು.

ನಿನ್ನ ಪ್ರಶ್ನೆಗೆ ಉತ್ತರ ಒಂದು. ಹೇಳಿಕೆಯಲ್ಲಿ ಇದ್ದಷ್ಟನ್ನೇ ಹಿಡಿದರೆ ಬೇರೆ ಉತ್ತರ ಬರುವುದಿಲ್ಲ. ಮುಂದೆ ಯಾವತ್ತಾದರೂ ಮೈಕಿನಲ್ಲಿ ಹುಡುಗಿಯ ಮಾಮಾ ಅಂತ ಕೂಗಿದರೆ, ಶಿಫ್ಟ್ ಇದ್ದರೂ ಬರುತ್ತೇನೆ. ಕೈಹಿಡಿದು ಕರೆತಂದು ಹಿಂದೆ ನಿಲ್ಲುತ್ತೇನೆ. ಅಳುವುದಿಲ್ಲ ಅಂತ ಮಾತ್ರ ಮಾತು ಕೊಡಲಾರೆ.

ಮೇಜು ಟೆಂಪೊದಲ್ಲಿ ನಿಮ್ಮ ಹಾಸ್ಟೆಲ್ಲಿಗೆ ಬರುತ್ತದೆ. ಪ್ಲಾಸ್ಟಿಕ್ ನೀನೇ ತೆಗೆ.

ಕೊನೆಗೆ ಒಂದು ಪ್ರಶ್ನೆ. ಹೇಳಿಕೆ: ಎರಡು ಕೋಣೆಯ ಮನೆಯಲ್ಲಿ ಇರುವವನು ಮತ್ತೆ ತನ್ನ ಹಳೆಯ ಕೋಣೆಗೆ ಹೊರಟಿದ್ದಾನೆ. ಊಹೆ ಒಂದು, ಅವನ ಮನೆಗೆ ಬರುವವರು ಯಾರೂ ಇಲ್ಲ. ಊಹೆ ಎರಡು, ಆ ಸ್ಲ್ಯಾಬಿನ ಮನೆ ಸೋರುತ್ತದೆ.

ನೀನು ಎರಡು ಅಂತ ಬರೆ. ಈ ಸಲ ನಾನು ತಪ್ಪು ಅನ್ನುವುದಿಲ್ಲ.

ನಿನ್ನ
ಮಾಮಾ